ಸರಾಸರಿಯೊಳಗೆ ಮರೆಯಾದ ಗುಣ

ಔಷಧವೊಂದನ್ನು ಎಷ್ಟು ಹೆಚ್ಚು ಮಂದಿಯ ಮೇಲೆ, ಎಷ್ಟು ಹೆಚ್ಚು ಬಗೆಯ ರೋಗಿಗಳ ಮೇಲೆ ಪರೀಕ್ಷಿಸಿದರೆ ಅದರ ನಿಜಗುಣವು ಅಷ್ಟು ನಿಸ್ಸಂದೇಹವಾಗಿ ಹೊರಬೀಳುವುದೆಂಬ ನಂಬಿಕೆಯು ವಿದ್ಯಾವಂತರಲ್ಲಿಯೂ ಪ್ರಬಲವಾಗಿದೆ. ಆದುದರಿಂದಲೇ ಒಂದು ನಿರ್ದಿಷ್ಟ ವಂಶವಾಹಿಯ ಗುರುತುಳ್ಳವರನ್ನಷ್ಟೆ ಆರಿಸಿಕೊಂಡು ನಡೆಸಿದ ಪ್ರಯೋಗವೆಂದರೆ, ಗೆಲ್ಲುವ ಕುದುರೆಯನ್ನು ನೋಡಿಯೇ ಪಣ ಕಟ್ಟಿದಂತೆ ಎಂಬ ಸಂಶಯವೂ ಅವರಲ್ಲಿ ಏಳುತ್ತದೆ.

ಈ ನಂಬಿಕೆ, ಸಂಶಯಗಳೆರಡೂ ಸರಿಯಲ್ಲವೆಂಬುದಕ್ಕೆ ಟ್ರಾಸ್ಟುಝುಮ್ಯಾಬ್ ಎಂಬ ಔಷಧದ ಪ್ರಯೋಗವನ್ನು ನೋಡಬಹುದು. ಹರಡಿದ ಸ್ತನ ಕ್ಯಾನ್ಸರಿನ ರೋಗಿಗಳೊಳಗೆ, ಗಡ್ಡೆಯ ಜೀವಕೋಶಗಳ ಮೇಲೆ ಹರ್-2 ಎಂಬ ವಂಶವಾಹಿಯಿಂದಾಗುವ ಪ್ರೋಟೀನು ಮಿತಿಮೀರಿದ್ದ 469 ಸ್ತ್ರೀಯರನ್ನು ಮಾತ್ರ ಆರಿಸಿ, ಚೀಟಿಯೆತ್ತುವ ಕ್ರಮದಿಂದ ಎರಡು ಪಾಲು ಮಾಡಿ, ಎಲ್ಲರಿಗೂ ಕೀಮೋಥೆರಪಿಯನ್ನೂ ಒಂದು ಪಾಲಿನವರಿಗೆ ಅದರೊಡನೆ ಈ ಔಷಧವನ್ನೂ ಕೊಡಲಾಗಿ, 2001ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮಧ್ಯಾಂಕ ಜೀವಿತಾವಧಿಯು ಕೀಮೋಥೆರಪಿಯನ್ನಷ್ಟೆ ಪಡೆದ ಪಾಲಿನಲ್ಲಿ 20.3 ತಿಂಗಳೂ, ಔಷಧ ಪಡೆದ ಪಾಲಿನಲ್ಲಿ 25.1 ತಿಂಗಳೂ ಆಗಿದ್ದಿತು. ಆಯ್ಕೆಯ ನಿಯಮ ಎರಡು ಪಾಲಿಗೂ ಒಂದೇ ಆದುದರಿಂದ ಆ ಆಯ್ಕೆಯಿಂದ ಪಕ್ಷಪಾತಕ್ಕೆ ಎಡೆಯಿರಲಿಲ್ಲ. ಇಂಥ ಗುರುತುಳ್ಳವರು ರೋಗಿಗಳಲ್ಲಿ ಸುಮಾರು ಕಾಲುಭಾಗ. ಗುರುತನ್ನು ನೋಡದೆ ಬಂದವರಿಗೆಲ್ಲ ಔಷಧವನ್ನು ಕೊಟ್ಟು, ಉಳಿದ ಮುಕ್ಕಾಲು ಪಾಲಿನವರಿಗೆ ಅದರಿಂದ ಏನೂ ಆಗಲಿಲ್ಲವೆಂದಿಟ್ಟುಕೊಂಡರೆ, ಸರಾಸರಿ ಪ್ರಯೋಜನವು ಕಾಲುಭಾಗಕ್ಕೆ ಕುಗ್ಗುವುದು. ಅದನ್ನು ಕಂಡುಹಿಡಿಯಲು ಬೇಕಾಗುವ ರೋಗಿಗಳ ಸಂಖ್ಯೆಯಾದರೋ ವರ್ಗದ ಲೆಕ್ಕದಲ್ಲಿ 16 ಪಟ್ಟು ಏರಿ 7,500ನ್ನು ಮುಟ್ಟುವುದು. ನಾಲ್ಕು ಪಟ್ಟು ಸಾಕೆಂಬ ಲೋಕದ ಅಂಕಗಣಿತವು ಎಡವುವುದು ಇಲ್ಲಿಯೇ.

ಗುರುತಿಲ್ಲದವರಿಗೆ ಔಷಧವು ನಿಷ್ಫಲವಾದೀತು, ನಷ್ಟವನ್ನಂತೂ ಮಾಡದೆಂಬ ಸಮಾಧಾನವೂ ನಿಲ್ಲತಕ್ಕದ್ದಲ್ಲ. ಪೂರ್ವ ಏಷ್ಯಾದ 1,217 ಶ್ವಾಸಕೋಶ ಕ್ಯಾನ್ಸರ್ ರೋಗಿಗಳಲ್ಲಿ ಜೆಫಿಟಿನಿಬ್ ಮಾತ್ರೆಯನ್ನು ಕೀಮೋಥೆರಪಿಯೊಡನೆ ಹೋಲಿಸಿ 2009ರಲ್ಲಿ ಪ್ರಕಟವಾದ ಐಪಾಸ್ ಪ್ರಯೋಗದಲ್ಲಿ, ರೋಗವು ಮುಂದುವರಿಯದೆ ಉಳಿದವರ ಪಾಲನ್ನು ತೋರಿಸುವ ನಕ್ಷೆಯಲ್ಲಿ, ಮೊದಲು ಕೆಳಗಿದ್ದ ಮಾತ್ರೆಯ ರೇಖೆಯು ನಡುವೆ ಇನ್ನೊಂದನ್ನು ಕತ್ತರಿಸಿ ಮೇಲಕ್ಕೆ ಹೋಗಿರುವುದು ಕಾಣುತ್ತದೆ. ಗಡ್ಡೆಯ ಪರೀಕ್ಷೆ ಸಾಧ್ಯವಾದವರನ್ನು ಬೇರ್ಪಡಿಸಿದಾಗ ಕಾರಣವು ಹೊರಬಿದ್ದಿತು: ಇಜಿಎಫ್‌ಆರ್ ವಂಶವಾಹಿಯಲ್ಲಿ ಮಾರ್ಪಾಡುಳ್ಳವರಲ್ಲಿ ರೋಗವು ಮುಂದುವರಿಯದೆ ಕಳೆದ ಕಾಲವು ಮಾತ್ರೆಯಿಂದ 9.5, ಕೀಮೋಥೆರಪಿಯಿಂದ 6.3 ತಿಂಗಳು; ಮಾರ್ಪಾಡಿಲ್ಲದವರಲ್ಲಿ ಕ್ರಮವಾಗಿ 1.5 ಮತ್ತು 5.5.

ಹಾಗೆಂದು ಪ್ರಯೋಗ ಮುಗಿದ ಮೇಲೆ ಮನಬಂದ ಗುಂಪುಗಳನ್ನು ಹುಡುಕಹೊರಟರೆ ಏನಾದರೊಂದು ಸಿಕ್ಕೇ ಸಿಕ್ಕುವುದು. 1988ರ ಐಸಿಸ್-2 ಪ್ರಯೋಗದವರು 17,187 ಹೃದಯಾಘಾತದ ರೋಗಿಗಳನ್ನು ಜನ್ಮರಾಶಿಯಂತೆ (ಪಾಶ್ಚಾತ್ಯರ ಲೆಕ್ಕದ ರಾಶಿ) ವಿಂಗಡಿಸಿ, ಮಿಥುನ ತುಲಾ ರಾಶಿಗಳವರಿಗೆ ಆಸ್ಪಿರಿನ್ ಒಗ್ಗದೆಂದು ಅಂಕಿಗಳಿಂದಲೇ ತೋರಿಸಿ, ಇಂಥ ವಿಂಗಡಣೆಯನ್ನು ನಂಬಬಾರದೆಂದು ಎಚ್ಚರಿಸಿದರು. ಆದುದರಿಂದ ಈಗಿನ ಪ್ರಯೋಗಗಳ ಯೋಜಕರು, ಆಕಸ್ಮಿಕವನ್ನು ಗುಣವೆಂದು ಭ್ರಮಿಸಲು ಬಿಟ್ಟುಕೊಂಡ ಶೇಕಡಾ 5ರ ಅವಕಾಶವನ್ನು, ಉದಾಹರಣೆಗೆ, ಒಟ್ಟು ರೋಗಿಗಳಿಗೆ 4, ವಂಶವಾಹಿಯ ಗುಂಪಿಗೆ 1 ಎಂದು ಹಂಚಿ, ಮೊದಲ ರೋಗಿಯು ಸೇರುವ ಮುನ್ನವೇ ಬರೆದಿಡುತ್ತಾರೆ.