ಹೊಟ್ಟೆಪಾಡಿನ ಬೇರು, ಅದ್ಭುತದ ಕಸಿ

ಬೆಂಗಳೂರಿನ ಸಿದ್ದಾಪುರದ ಕಡೆಯಿಂದ ಲಾಲ್‌ಬಾಗಿಗೆ ನಡೆದು ಹೋಗುವವರಿಗೆ ನರ್ಸರಿಗಳ ಹಸಿಮಣ್ಣಿನ ವಾಸನೆ ಹೊಸತೇನಲ್ಲ. ಮಾವಿನ ಗಿಡ ಕೊಳ್ಳಲು ಹೋದವರು ಮೊದಲು ಕೇಳುವ ಪ್ರಶ್ನೆ ಒಂದೇ: ‘ಇದು ಕಸಿಯದೋ, ಬೀಜದ್ದೋ?’ ಕಸಿಯ ಗಿಡವಾದರೆ ಕಾಂಡದ ಮೇಲೆ ಒಂದು ಗಂಟು ಕಾಣುತ್ತದೆ. ಗಂಟಿನ ಕೆಳಗಿರುವುದು ಯಾವುದೋ ನಾಟಿ ಮಾವು. ಮೇಲಿರುವುದು ರಸಪುರಿಯೋ ಬಾದಾಮಿಯೋ. ಕೆಳಗಿನದು ಮಣ್ಣಿನಿಂದ ನೀರು, ಸಾರ ಎಳೆದುಕೊಡುತ್ತದೆ. ಮೇಲಿನದು ಹಣ್ಣು ಬಿಡುತ್ತದೆ.

ಈ ಗಿಡದ ಮಾತು ಕಾದಂಬರಿ ಬರೆಯುವವರಿಗೂ ಅನ್ವಯಿಸುತ್ತದೆ.

ಸಿದ್ದಾಪುರ, ಜಯನಗರ, ಬನಶಂಕರಿಯ ಮನೆಗಳಲ್ಲಿ ಬ್ಯಾಂಕಿನವರಿದ್ದಾರೆ, ಮೇಷ್ಟರಿದ್ದಾರೆ, ಸಾಫ್ಟ್‌ವೇರಿನವರಿದ್ದಾರೆ. ಹಗಲೆಲ್ಲ ದುಡಿದು ಬಂದ ಮೇಲೆ ಒಬ್ಬರು ವೀಣೆ ಹಿಡಿಯುತ್ತಾರೆ, ಇನ್ನೊಬ್ಬರು ಕ್ಯಾಮೆರಾ ಒರೆಸುತ್ತಾರೆ, ಮತ್ತೊಬ್ಬರು ತಾರಸಿಯ ಕುಂಡಗಳಿಗೆ ನೀರು ಹಾಕುತ್ತಾರೆ. ಇವರಲ್ಲಿ ಕೆಲವರ ಮೇಜಿನ ಖಾನೆಯಲ್ಲಿ ಒಂದು ದಪ್ಪ ನೋಟ್‌ಬುಕ್ ಕೂಡ ಇರುತ್ತದೆ. ಅದರಲ್ಲಿ ಯಾವ ಭೂಪಟದಲ್ಲೂ ಇಲ್ಲದ ಒಂದು ದೇಶ, ಮಾತನಾಡುವ ಒಂದು ಮರ, ಶಾಪಗ್ರಸ್ತ ರಾಜವಂಶ. ಬಾಲ್ಯದಲ್ಲಿ ‘ಚಂದಮಾಮ’ ಓದಿ ಬೆಳೆದವರ ಮನಸ್ಸಿನಲ್ಲಿ ಇಂಥ ಲೋಕ ಹುಟ್ಟುವುದು ಸಹಜ. ಆದರೆ ನೋಟ್‌ಬುಕ್ ನಲವತ್ತನೆಯ ಪುಟಕ್ಕೆ ನಿಂತಿರುತ್ತದೆ. ಯಾಕೆಂದು ಕೇಳಿದರೆ ಸಿಗುವ ಉತ್ತರ: ‘ಟೈಮೆಲ್ಲಿದೆ ಸ್ವಾಮಿ?’

ಕೆಲಸ, ಹವ್ಯಾಸ, ಕಾದಂಬರಿ ಈ ಮೂರೂ ಒಬ್ಬನೇ ಮನುಷ್ಯನ ಇಪ್ಪತ್ನಾಲ್ಕು ಗಂಟೆಗಳಲ್ಲಿ ಹಿಡಿಸುತ್ತವೆಯೆ? ಹಿಡಿಸಿದವರಿದ್ದಾರೆ. ಅವರು ಅದನ್ನು ಹೇಗೆ ಮಾಡಿದರು, ಅದಕ್ಕೆ ಏನು ಬೆಲೆ ತೆತ್ತರು ಎಂಬುದು ನೋಡತಕ್ಕ ಸಂಗತಿ.

ಡ್ರಿಲ್ ಮಾಸ್ತರರ ಅದ್ಭುತ

ನಮ್ಮಲ್ಲೇ ಇದಕ್ಕೆ ಹಳೆಯ ನಿದರ್ಶನವಿದೆ. ನಂದಳಿಕೆಯ ಲಕ್ಷ್ಮೀನಾರಾಯಣಪ್ಪ, ಅಂದರೆ ಕನ್ನಡಿಗರೆಲ್ಲರ ಮುದ್ದಣ, ಹುಟ್ಟಿದ್ದು 1870ರಲ್ಲಿ. ಹೊಟ್ಟೆಪಾಡಿಗೆ ಅವರು ಮಾಡಿದ್ದು ಉಡುಪಿ, ಕುಂದಾಪುರಗಳ ಶಾಲೆಗಳಲ್ಲಿ ಅಂಗಸಾಧನೆ ಕಲಿಸುವ ಕೆಲಸ. ಹಗಲು ಮೈದಾನದಲ್ಲಿ ಹುಡುಗರಿಗೆ ಡ್ರಿಲ್ಲು, ಉಳಿದ ವೇಳೆಯಲ್ಲಿ ಹಳಗನ್ನಡ ಕಾವ್ಯಗಳ ಓದು. ಜೊತೆಗೆ ಯಕ್ಷಗಾನದ ನಂಟು. ‘ರತ್ನಾವತಿ ಕಲ್ಯಾಣ’, ‘ಕುಮಾರವಿಜಯ’ ಎಂಬ ಪ್ರಸಂಗಗಳನ್ನು ಅವರು ರಚಿಸಿದರು.

ಈ ಡ್ರಿಲ್ ಮಾಸ್ತರರು ಬರೆದ ಗದ್ಯಕೃತಿ ‘ಅದ್ಭುತ ರಾಮಾಯಣ’. ಹತ್ತು ತಲೆಯ ರಾವಣನನ್ನು ರಾಮ ಕೊಂದ ಮೇಲೂ ಸಾವಿರ ತಲೆಯ ಇನ್ನೊಬ್ಬ ರಾವಣ ಉಳಿದಿರುತ್ತಾನೆ. ಅವನನ್ನು ಕೊಲ್ಲುವವಳು ಸೀತೆ. ಫ್ಯಾಂಟಸಿ ಎಂಬ ಮಾತು ಕನ್ನಡಕ್ಕೆ ಬರುವ ಮೊದಲೇ ಅದ್ಭುತ ಎಂಬ ಮಾತು ಇಲ್ಲಿತ್ತು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಮುದ್ದಣ ಇದನ್ನು ತಾನು ಬರೆದದ್ದೆಂದು ಹೇಳಿಕೊಳ್ಳದೆ, ಯಾವುದೋ ಹಳೆಯ ಕವಿಯ ಕೃತಿಯೆಂಬಂತೆ ಮೈಸೂರಿಗೆ ಕಳುಹಿಸಿ ಅಚ್ಚು ಹಾಕಿಸಿದರು.

ಅವರ ‘ಶ್ರೀರಾಮಾಶ್ವಮೇಧ’ದಲ್ಲಿ ಕಥೆ ಸಾಗುವುದು ಮುದ್ದಣ ಮನೋರಮೆಯರ ಮಾತುಕತೆಯಲ್ಲಿ. ಗಂಡ ಕಥೆ ಹೇಳುತ್ತಾನೆ, ಹೆಂಡತಿ ನಡುನಡುವೆ ತಡೆದು ಪ್ರಶ್ನೆ ಹಾಕುತ್ತಾಳೆ, ಹಾಸ್ಯ ಮಾಡುತ್ತಾಳೆ. ಮನೆಯ ಮಾತು ಬರವಣಿಗೆಗೆ ಅಡ್ಡಿಯಾಗುತ್ತದೆ ಎಂದು ನಾವು ಗೊಣಗುತ್ತೇವೆ. ಮುದ್ದಣ ಆ ಅಡ್ಡಿಯನ್ನೇ ಪುಸ್ತಕದೊಳಕ್ಕೆ ತಂದರು. ಇಂದಿಗೂ ಓದುಗರಿಗೆ ಆ ಪುಸ್ತಕದಲ್ಲಿ ಹೆಚ್ಚು ನೆನಪಿರುವುದು ಯಾಗದ ಕುದುರೆಯಲ್ಲ, ಮನೋರಮೆಯ ಮಾತು. ಬಡತನ, ಕ್ಷಯರೋಗಗಳು ಅವರನ್ನು ಹೆಚ್ಚು ದಿನ ಬದುಕಲು ಬಿಡಲಿಲ್ಲ. 1901ರಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೊಂದು ವರ್ಷ.

ತೋಟದಿಂದ ಹಾರಿದ ಓತಿ

ಮುದ್ದಣರಿಗೆ ಅದ್ಭುತ ದೊರೆತದ್ದು ಪುರಾಣದಲ್ಲಿ. ಅದು ತೋಟದಲ್ಲೇ ಸಿಗುತ್ತದೆಂದು ತೋರಿಸಿದವರು ಪೂರ್ಣಚಂದ್ರ ತೇಜಸ್ವಿ. ಕುವೆಂಪು ಅವರ ಮಗನಾದ ತೇಜಸ್ವಿ ಮೈಸೂರಿನಲ್ಲಿ ಓದು ಮುಗಿಸಿ ಮೂಡಿಗೆರೆಗೆ ಹೋಗಿ ಕಾಫಿ ಬೆಳೆಗಾರರಾದರು. ಕಾಫಿ ತೋಟವೆಂದರೆ ಆರಾಮದ ಬದುಕು ಎಂದುಕೊಂಡವರು ಗೊಬ್ಬರ, ಕಪಾತು, ಕೊಯ್ಲು, ಆಳುಕಾಳುಗಳ ಲೆಕ್ಕ ಇವನ್ನು ನೋಡಿದವರಲ್ಲ. ಇದರ ಮೇಲೆ ಅವರಿಗಿದ್ದ ಹವ್ಯಾಸಗಳೋ! ಹಕ್ಕಿಗಳ ಫೋಟೋ ತೆಗೆಯುವುದು, ಮೀನು ಹಿಡಿಯುವುದು, ಚಿತ್ರ ಬಿಡಿಸುವುದು, ಕೊನೆಕೊನೆಗೆ ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವ ಪ್ರಯತ್ನ.

1980ರಲ್ಲಿ ಬಂದ ‘ಕರ್ವಾಲೊ’ ಕಾದಂಬರಿಯನ್ನು ಪೂರ್ತಿ ಫ್ಯಾಂಟಸಿ ಎನ್ನಲಾಗದು. ಆದರೆ ಅದರ ನಡುವಿರುವುದು ಅದ್ಭುತವೇ: ಕೋಟ್ಯಂತರ ವರ್ಷಗಳಿಂದ ಬದಲಾಗದೆ ಉಳಿದುಬಂದ ಒಂದು ಹಾರುವ ಓತಿ, ಅದನ್ನು ಹುಡುಕಿ ಕಾಡು ಹೊಕ್ಕ ಒಂದು ತಂಡ. ಕಥೆ ಶುರುವಾಗುವುದು ಮಾತ್ರ ಜೇನು ಸೊಸೈಟಿಗೆ ಜೇನುತುಪ್ಪ ಕೊಳ್ಳಲು ಹೋದ ರೈತನೊಬ್ಬನಿಂದ. ಗದ್ದೆ ಬೇಸಾಯ, ಜೇನು ಹಿಡಿಯುವ ಮಂದಣ್ಣ, ಕ್ಯಾಮೆರಾದ ಪ್ರಭಾಕರ, ಬೇಟೆನಾಯಿ ಕಿವಿ ಎಲ್ಲವೂ ಅಲ್ಲಿವೆ. ಲೇಖಕರ ಕಸುಬು, ಹವ್ಯಾಸಗಳನ್ನು ಬಲ್ಲವರಿಗೆ ಅವು ಒಂದೊಂದಾಗಿ ಪುಸ್ತಕದೊಳಕ್ಕೆ ನಡೆದುಬಂದಿರುವುದು ಕಾಣುತ್ತದೆ.

ಹಾರುವ ಓತಿ ಕಲ್ಪನೆಯ ಪ್ರಾಣಿಯೂ ಅಲ್ಲ. ಪಶ್ಚಿಮ ಘಟ್ಟದ ಕಾಡುಗಳಲ್ಲಿ, ಅಡಿಕೆ ತೋಟಗಳಲ್ಲಿ ಅದು ಇದೆ. ಉದ್ದವಾಗಿ ಬೆಳೆದ ಪಕ್ಕೆಲುಬುಗಳು ಛತ್ರಿಯ ಕಡ್ಡಿಗಳಂತೆ ಬಿಚ್ಚಿಕೊಂಡು ಚರ್ಮದ ಹಾಳೆಯನ್ನು ಹರಡುತ್ತವೆ. ಹಕ್ಕಿಯಂತೆ ರೆಕ್ಕೆ ಬಡಿದು ಏರಲು ಅದಕ್ಕೆ ಬಾರದು. ಎತ್ತರದ ಮರದಿಂದ ತಗ್ಗಿನ ಮರಕ್ಕೆ ತೇಲುತ್ತದೆ. ಇಷ್ಟು ವಿಜ್ಞಾನ. ಅದರ ಹಿಂದೆ ಕಾಲದ ಆಳವನ್ನು ಕಂಡದ್ದು ಕಾದಂಬರಿಕಾರನ ಕೆಲಸ. ತೋಟದಲ್ಲಿ ತಲೆಯೆತ್ತಿ ನೋಡುವ ಅಭ್ಯಾಸ ಇಲ್ಲದವನಿಗೆ ಈ ಕಾದಂಬರಿ ಹೊಳೆಯುತ್ತಿರಲಿಲ್ಲ.

ಉತ್ತರ ಪತ್ರಿಕೆಯ ಖಾಲಿ ಹಾಳೆ

ಹೊರಗಿನ ದೇಶಗಳಲ್ಲೂ ಕಥೆ ಬೇರೆಯಲ್ಲ. ‘ಲಾರ್ಡ್ ಆಫ್ ದ ರಿಂಗ್ಸ್’ ಬರೆದ ಟೋಲ್ಕಿನ್ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷಿನ ಪ್ರಾಧ್ಯಾಪಕ. ನಾಲ್ಕು ಮಕ್ಕಳ ಸಂಸಾರ. ಸಂಬಳ ಸಾಲದೆ ಬೇಸಿಗೆಯಲ್ಲಿ ಶಾಲಾ ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಆ ಕೆಲಸದ ಬೇಸರವನ್ನು ನಮ್ಮ ಮೇಷ್ಟರುಗಳಿಗೆ ವಿವರಿಸಬೇಕಾಗಿಲ್ಲ. ಒಮ್ಮೆ ಯಾವನೋ ಹುಡುಗ ಒಂದು ಪುಟವನ್ನು ಖಾಲಿ ಬಿಟ್ಟಿದ್ದ. ಆ ಖಾಲಿ ಪುಟದಲ್ಲಿ ಟೋಲ್ಕಿನ್ ಗೀಚಿದ ಒಂದು ಸಾಲೇ 1937ರಲ್ಲಿ ‘ದ ಹಾಬಿಟ್’ ಪುಸ್ತಕವಾಯಿತು. ಭಾಷೆಗಳನ್ನು ಕಟ್ಟುವುದು, ನಕ್ಷೆ ಬರೆಯುವುದು, ಬಣ್ಣದ ಚಿತ್ರ ಬಿಡಿಸುವುದು ಅವರ ಹವ್ಯಾಸಗಳು. ಅವೆಲ್ಲವೂ ಕಥೆಗೆ ಉಣಿಸಾದವು.

‘ಆಲಿಸ್’ ಕಥೆಯ ಲೂಯಿ ಕೆರೊಲ್ ಕೂಡ ಅದೇ ಊರಿನ ಗಣಿತದ ಅಧ್ಯಾಪಕ. ನಿಜನಾಮ ಚಾರ್ಲ್ಸ್ ಡಾಡ್ಜ್‌ಸನ್. ಅವರ ದೊಡ್ಡ ಹವ್ಯಾಸ ಛಾಯಾಗ್ರಹಣ. 1862ರ ಜುಲೈ 4ರಂದು ದೋಣಿಯಲ್ಲಿ ಮಕ್ಕಳಿಗೆ ಹೇಳಿದ ಕಥೆಯನ್ನು ಅವರು ತಮ್ಮದೇ ಚಿತ್ರಗಳೊಂದಿಗೆ ಕೈಬರಹದ ಪುಸ್ತಕ ಮಾಡಿ ಕೊಟ್ಟದ್ದು 1864ರ ನವೆಂಬರಿನಲ್ಲಿ. ಅಚ್ಚಾದದ್ದು 1865ರಲ್ಲಿ. ಒಂದು ಮಧ್ಯಾಹ್ನದ ಕಥೆಗೆ ಮೂರು ವರ್ಷ!

ಚಿವುಟುವುದೂ ಉಂಟು

ಇಲ್ಲಿಯವರೆಗೆ ಓದಿದವರು ‘ಹಾಗಾದರೆ ಎಲ್ಲವನ್ನೂ ಮಾಡಬಹುದು’ ಎಂದುಕೊಂಡರೆ ಅರ್ಧ ಮಾತ್ರ ನಿಜ. ಕಸಿ ಕಟ್ಟುವವರು ಬಲ್ಲ ಇನ್ನೊಂದು ಗುಟ್ಟಿದೆ. ಎರಡು ಕಡ್ಡಿಗಳನ್ನು ಓರೆಯಾಗಿ ಸೀಳಿ, ತೊಗಟೆಯ ಒಳಗಿನ ಹಸಿರು ಪದರ, ಅಂದರೆ ಕ್ಯಾಂಬಿಯಂ, ಒಂದಕ್ಕೊಂದು ತಾಗುವಂತೆ ಕಟ್ಟಿದರೆ ಬೆಸುಗೆ ಕೂಡುತ್ತದೆ. ಅಲ್ಲಿಗೆ ಕೆಲಸ ಮುಗಿಯಲಿಲ್ಲ. ಗಂಟಿನ ಕೆಳಗೆ ನಾಟಿ ಗಿಡ ತನ್ನದೇ ಚಿಗುರು ಒಡೆಯುತ್ತಿರುತ್ತದೆ. ಅದನ್ನು ಆಗಾಗ ಚಿವುಟದಿದ್ದರೆ ಸಾರವೆಲ್ಲ ಅಲ್ಲೇ ಖರ್ಚಾಗಿ ಮೇಲಿನ ರಸಪುರಿ ಒಣಗುತ್ತದೆ.

ಕೆರೊಲ್ 1880ರಲ್ಲಿ ಫೋಟೋ ತೆಗೆಯುವುದನ್ನು ನಿಲ್ಲಿಸಿದರು. ಮರುವರ್ಷ ಗಣಿತ ಬೋಧನೆಯ ಹುದ್ದೆಯನ್ನೂ ಬಿಟ್ಟರು. ತೇಜಸ್ವಿ ಅವರ ‘ಕರ್ವಾಲೊ’ 1980ರಲ್ಲಿ, ‘ಚಿದಂಬರ ರಹಸ್ಯ’ 1985ರಲ್ಲಿ, ‘ಜುಗಾರಿ ಕ್ರಾಸ್’ 1994ರಲ್ಲಿ ಬಂದವು. ನಡುವೆ ಬೇರೆ ಪುಸ್ತಕಗಳು ಬಂದರೂ ಒಂದು ಕಾದಂಬರಿಗೂ ಇನ್ನೊಂದಕ್ಕೂ ಅಷ್ಟು ಅಂತರ. ಟೋಲ್ಕಿನ್‌ಗೆ ‘ಲಾರ್ಡ್ ಆಫ್ ದ ರಿಂಗ್ಸ್’ ಮುಗಿಸಲು ಸುಮಾರು ಹನ್ನೆರಡು ವರ್ಷ ಹಿಡಿಯಿತು. ಯೌವನದಲ್ಲೇ ಶುರುಮಾಡಿದ ‘ಸಿಲ್ಮರಿಲಿಯನ್’ 1973ರಲ್ಲಿ ಅವರು ಸಾಯುವವರೆಗೂ ಮುಗಿಯಲೇ ಇಲ್ಲ. ಮಗ ಕೂತು ಕಾಗದಗಳನ್ನು ಜೋಡಿಸಿ 1977ರಲ್ಲಿ ಪ್ರಕಟಿಸಬೇಕಾಯಿತು.

ಈ ಭಯ ಟೋಲ್ಕಿನ್‌ಗೂ ಇತ್ತು. 1945ರಲ್ಲಿ ಪ್ರಕಟವಾದ ಅವರ ಒಂದು ಸಣ್ಣಕಥೆಯಲ್ಲಿ ನಿಗಲ್ ಎಂಬ ಚಿತ್ರಕಾರ ಬರುತ್ತಾನೆ. ಅವನು ಒಂದೇ ಒಂದು ಎಲೆ ಬರೆಯಲು ಹೊರಡುತ್ತಾನೆ. ಎಲೆ ಕೊಂಬೆಯಾಗಿ, ಕೊಂಬೆ ಮರವಾಗಿ, ಮರದ ಹಿಂದೆ ಕಾಡು ಬೆಟ್ಟಗಳು ಮೂಡುತ್ತ ಚಿತ್ರ ಬೆಳೆಯುತ್ತಲೇ ಹೋಗುತ್ತದೆ. ಈ ನಡುವೆ ಕುಂಟು ಕಾಲಿನ ನೆರೆಮನೆಯವನು ಬಂದು, ಹೆಂಡತಿಗೆ ಕಾಯಿಲೆ, ಮನೆ ಸೋರುತ್ತಿದೆ ಎನ್ನುತ್ತಾನೆ. ನಿಗಲ್ ಗೊಣಗುತ್ತಲೇ ಮಳೆಯಲ್ಲಿ ಸೈಕಲ್ ತುಳಿದು ಡಾಕ್ಟರನ್ನು ಕರೆಯಲು ಹೋಗುತ್ತಾನೆ. ಚಿತ್ರ ಮುಗಿಯುವುದಿಲ್ಲ, ತಪ್ಪಿಸಿಕೊಳ್ಳಲಾಗದ ಪ್ರಯಾಣದ ಕರೆ ಬರುತ್ತದೆ. ಆಚೆಯ ಲೋಕದಲ್ಲಿ ಅವನಿಗೆ ತನ್ನ ಮರ ನಿಜವಾಗಿ ನಿಂತಿರುವುದು ಕಾಣುತ್ತದೆ. ಅಲ್ಲಿ ತೋಟ ಮಾಡಲು ಜೊತೆಯಾಗುವವನು ಅದೇ ನೆರೆಯವನು!

ಈ ಕಥೆ ನೆರೆಯವನನ್ನು ಬಾಗಿಲಿನಿಂದ ಅಟ್ಟಬೇಕೆಂದು ಹೇಳುವುದಿಲ್ಲ. ಅದರಲ್ಲಿರುವ ಎಚ್ಚರ ಬೇರೆ: ಪ್ರಯಾಣದ ದಿನ ಯಾರಿಗೂ ತಿಳಿದಿರುವುದಿಲ್ಲ.

ದಿನಕ್ಕೆ ಇನ್ನೂರು ಪದ

ಇನ್ನು ಸ್ವಲ್ಪ ಲೆಕ್ಕ. ದಿನಕ್ಕೆ ಇನ್ನೂರು ಪದವೆಂದರೆ ನೋಟ್‌ಬುಕ್ಕಿನ ಒಂದೂವರೆ ಪುಟ, ಅರ್ಧ ಗಂಟೆಯ ಕೆಲಸ. ಭಾನುವಾರ, ಹಬ್ಬ, ಜ್ವರ, ನೆಂಟರು ಎಂದು ನೂರಕ್ಕೂ ಹೆಚ್ಚು ದಿನ ಕಳೆದು 250 ದಿನ ಬರೆದರೂ ವರ್ಷಕ್ಕೆ ಐವತ್ತು ಸಾವಿರ ಪದವಾಯಿತು. ಅದು ಒಂದು ಕಾದಂಬರಿ. ದಸರಾ ರಜೆಯಲ್ಲಿ ಒಟ್ಟಿಗೆ ಬರೆಯುತ್ತೇನೆ ಎಂದು ಕಾಯುವವರಿಗೆ ದಸರಾ ಬರುತ್ತದೆ, ಕಾದಂಬರಿ ಬರುವುದಿಲ್ಲ.

ಅದ್ಭುತ ಲೋಕ ಕಟ್ಟುವವರಿಗೆ ಇನ್ನೊಂದು ಬಲೆಯಿದೆ. ನಕ್ಷೆ, ರಾಜವಂಶದ ಪಟ್ಟಿ, ಹೊಸ ಲಿಪಿ ಇವನ್ನು ಮಾಡುವುದೇ ಸೊಗಸಾಗಿ, ಕಥೆ ಮುಂದುವರಿಯುವುದಿಲ್ಲ. ಇದು ಹವ್ಯಾಸ ಕಾದಂಬರಿಯ ವೇಷ ಹಾಕಿಕೊಂಡು ಬಂದಂತೆ. ದಣಿದು ಬಂದ ಸಂಜೆ ನಕ್ಷೆ ಬರೆಯಲಿ. ತಲೆ ಹಗುರಾಗಿರುವ ಹೊತ್ತು ಕಥೆಗೇ ಮೀಸಲಾಗಿರಲಿ. ಆಫೀಸಿನ ಜಗಳ, ಬಸ್ಸಿನ ನೂಕುನುಗ್ಗಲು, ತರಗತಿಯ ಗಲಾಟೆ ಇವೂ ಸುಮ್ಮನೆ ಹೋಗಬೇಕಿಲ್ಲ. ಮಾಯಾ ದೇಶದ ಆಸ್ಥಾನದಲ್ಲೂ ಗುಮಾಸ್ತರಿರುತ್ತಾರೆ, ಅಲ್ಲಿಯೂ ಬಡ್ತಿಯ ಜಗಳವಿರುತ್ತದೆ.

ಮತ್ತೊಂದು ಮಾತನ್ನು ಮರೆಯಬಾರದು. ಬರೆಯುವವನಿಗೆ ಸಿಕ್ಕ ಅರ್ಧ ಗಂಟೆ ಮನೆಯಲ್ಲಿ ಇನ್ಯಾರೋ ದುಡಿದು ಉಳಿಸಿಕೊಟ್ಟದ್ದಿರಬಹುದು. ಗಂಡ ಕಾದಂಬರಿ ಬರೆಯುವಾಗ ಹಾಲು ಉಕ್ಕದಂತೆ ನೋಡುವವರು ಯಾರು? ಆಕೆಯ ಖಾನೆಯಲ್ಲೂ ಒಂದು ನೋಟ್‌ಬುಕ್ ಇರಬಾರದೆಂದಿಲ್ಲ. ಎಂ.ಕೆ. ಇಂದಿರಾ ಸಂಸಾರದ ನಡುವೆಯೇ ಬರವಣಿಗೆಗೆ ಇಳಿದವರು. ಅವರ ‘ತುಂಗಭದ್ರ’ 1963ರಲ್ಲಿ ಬಂದಾಗ ಅವರಿಗೆ ನಲವತ್ತೈದು ದಾಟಿತ್ತು. ಅವರ ಕಥೆಗಳು ಮಲೆನಾಡಿನ ಮನೆಗಳವು, ಮಾಯಾಲೋಕದವಲ್ಲ. ಆದರೆ ತಡವಾಯಿತು ಎಂದು ಕೈಚೆಲ್ಲುವವರಿಗೆ ಅವರ ಉದಾಹರಣೆ ಸಾಕು. ಅರ್ಧ ಗಂಟೆ ಒಬ್ಬರದಾದರೆ ಇನ್ನರ್ಧ ಗಂಟೆ ಇನ್ನೊಬ್ಬರದಾಗಲಿ.

ಕಸಿಯ ಗಿಡವನ್ನು ಮನೆಗೆ ತಂದು ನೆಟ್ಟವರು ಮಾರನೆಯ ವರ್ಷವೇ ಬುಟ್ಟಿ ಹಿಡಿದು ನಿಲ್ಲುವುದಿಲ್ಲ. ನೀರು ಹಾಕುತ್ತಾರೆ, ಗಂಟಿನ ಕೆಳಗಿನ ಚಿಗುರು ಚಿವುಟುತ್ತಾರೆ, ಮೂರು ನಾಲ್ಕು ವರ್ಷ ಕಾಯುತ್ತಾರೆ. ನೋಟ್‌ಬುಕ್ಕಿನ ನಲವತ್ತೊಂದನೆಯ ಪುಟವೂ ಇಷ್ಟನ್ನೇ ಕೇಳುತ್ತದೆ. ಇವತ್ತಿನ ಇನ್ನೂರು ಪದ ಅಲ್ಲಿ ಬೀಳಲಿ.