ಮುಖವಾಡ ಕಳಚಿದ ಮೇಲೆ

ಮಸಾಶಿ ಕಿಶಿಮೊಟೊ ಅವರ ‘ನರುಟೊ’ ಎಂಬ ಜಪಾನೀ ಚಿತ್ರಕಥೆ 1999ರಿಂದ 2014ರವರೆಗೆ, 700 ಅಧ್ಯಾಯಗಳಲ್ಲಿ, ‘ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ ಪ್ರಕಟವಾಯಿತು. ಮಾಂಗಾ ಎಂದು ಕರೆಯಲ್ಪಡುವ ಈ ಪ್ರಕಾರದ ಅತ್ಯಂತ ಜನಪ್ರಿಯ ಕೃತಿಗಳಲ್ಲಿ ಅದೂ ಒಂದು. ನಿಂಜಾ ಯೋಧರ ಈ ಕಥೆಯ ಉತ್ತರಭಾಗವನ್ನು ಬಹುಮಟ್ಟಿಗೆ ಒಂದು ಮಹಾಯುದ್ಧವೇ ಆವರಿಸಿಕೊಂಡಿದೆ. ಆ ಯುದ್ಧದ ನಡುವೆ ಎರಡು ಸಲ ಲೇಖಕರು ತೆರೆಯನ್ನು ಸರಿಸಿ, ನಾವು ತಿಳಿದಿದ್ದ ಶತ್ರುವಿನ ಹಿಂದೆ ಬೇರೊಬ್ಬ ಶತ್ರುವನ್ನು ತೋರಿಸುತ್ತಾರೆ. ಮೊದಲನೆಯದಕ್ಕೆ ನಾನು ಮನಸಾರೆ ತಲೆದೂಗಿದೆ. ಎರಡನೆಯದರ ವಿಷಯದಲ್ಲಿ ನನ್ನ ಮನಸ್ಸು ಇಂದಿಗೂ ಒಂದು ಕಡೆ ನಿಂತಿಲ್ಲ.

2012ರಲ್ಲಿ ಮುಖವಾಡಧಾರಿಯ ಮುಖವಾಡ ಒಡೆಯಿತು. ಒಳಗಿದ್ದವನು ಒಬಿಟೊ, ಕಾಕಾಶಿಯ ಬಾಲ್ಯದ ಒಡನಾಡಿ, ಬಂಡೆಯಡಿ ಸಿಲುಕಿ ಸತ್ತನೆಂದು ಎಲ್ಲರೂ ನಂಬಿದ್ದವನು. ಸಾಯುವ ಮುನ್ನ ತನ್ನ ಎಡಗಣ್ಣನ್ನು ಗೆಳೆಯನಿಗೆ ಕೊಟ್ಟಿದ್ದನಷ್ಟೆ? ಬಹುಕಾಲ ಅವನು ತೊಟ್ಟಿದ್ದ ಸುರುಳಿ ಮುಖವಾಡದಲ್ಲಿ ಇದ್ದುದು ಬಲಗಣ್ಣಿಗೊಂದೇ ರಂಧ್ರ! ಗುಟ್ಟನ್ನು ಮೊದಲೇ ಊಹಿಸಿದವರು ಹಲವರಿದ್ದರು. ಅದರಿಂದ ರಸಭಂಗವೇನೂ ಆಗಲಿಲ್ಲ. ಊರಿನ ನಾಯಕನಾಗಬೇಕೆಂದು ನರುಟೊವಿನಂತೆಯೇ ಕನಸು ಕಂಡಿದ್ದ ಹುಡುಗ ಈತ. ತಾನು ಪ್ರೀತಿಸಿದ ರಿನ್ ಕಣ್ಣೆದುರೇ ಮಡಿದ ದಿನ ಅವನಿಗೆ ಲೋಕವೇ ಸುಳ್ಳೆನಿಸಿತು. ಇಷ್ಟನ್ನು ತಿಳಿದು ಹಿಂದಿನ ಪುಟಗಳನ್ನು ತಿರುವಿದರೆ ಅವು ಬೇರೆಯೇ ಕಥೆಯನ್ನು ಹೇಳುತ್ತವೆ.

ಇನ್ನು ಎರಡನೆಯದು. ಚಂದ್ರನ ಮೂಲಕ ಮಾಯೆಯನ್ನು ಬೀರಿ ಮನುಷ್ಯಕುಲವನ್ನೆಲ್ಲ ಸುಖಸ್ವಪ್ನದಲ್ಲಿ ಮಲಗಿಸಿಬಿಟ್ಟರೆ ಜಗಳವೇ ಇರುವುದಿಲ್ಲ, ಎಂಬುದು ಮದಾರನ ವಾದ. ಕ್ರೂರವಾದರೂ ಅದು ವಾದ; ಅದಕ್ಕೆ ಉತ್ತರ ಬೇಕು. ಅವನ ಮಾಯೆ ಫಲಿಸಿದ ಗಳಿಗೆಯಲ್ಲಿಯೇ ಕಪ್ಪು ಜೆಟ್ಸು ಬೆನ್ನಿನಿಂದ ಅವನನ್ನು ಇರಿಯುತ್ತಾನೆ. ತನ್ನ ಸಂಕಲ್ಪದ ಮೂರ್ತಿಯೆಂದೇ ಮದಾರ ನಂಬಿದ್ದ ಜೀವವದು. ನಿಜದಲ್ಲಿ ಕಾಗುಯ ಎಂಬ ಆದಿಮಾತೆಯ ಸಂಕಲ್ಪ. ಲೋಕವನ್ನೇ ಕನಸಿಗೆ ತಳ್ಳಿದವನು ತಾನೂ ಇನ್ನೊಬ್ಬಳ ಕನಸಿನ ಉಪಕರಣವಾಗಿದ್ದನೆಂಬ ವಿಡಂಬನೆ ಅಪೂರ್ವವಾದುದು. ಆ ಪುಟವನ್ನು ನಾನು ಬೇಡವೆನ್ನಲಾರೆ.

ಆದರೆ ಅದಕ್ಕೆ ತೆತ್ತ ಬೆಲೆ? ಜಪಾನಿನ ಪ್ರಾಚೀನ ಕಥೆಯೊಂದರ ಚಂದ್ರಲೋಕದ ರಾಜಕುಮಾರಿಯಿಂದ ಹೆಸರನ್ನು ಪಡೆದ ಈ ಕಾಗುಯ ನಮಗೆ ಪರಿಚಿತಳಾದುದೇ ಕಥೆ ಮುಗಿಯಲು ಬಂದಾಗ. ಅವಳಿಗೆ ಬಲವಿದೆ, ಮಾತಿಲ್ಲ. ಒಂದು ಲೋಕದಿಂದ ಇನ್ನೊಂದಕ್ಕೆ ಯೋಧರನ್ನು ಎಸೆಯುತ್ತಾಳೆ. ಚಿತ್ರಗಳು ಭವ್ಯವಾಗಿವೆ, ನಿಜ. ಆದರೆ ಮದಾರನ ಪ್ರಶ್ನೆ ಅಷ್ಟರಲ್ಲಿ ಅವನೊಡನೆಯೇ ಬದಿಗೆ ಸರಿದಿರುತ್ತದೆ. ನರುಟೊ ಅದಕ್ಕೆ ಎದುರಾಳಿಯ ಮುಖ ನೋಡಿ ಉತ್ತರ ಕೊಡಬೇಕಾಗಿತ್ತು. ವರ್ಷಗಟ್ಟಲೆ ವಾರವಾರವೂ ಕಾದ ವಾಚಕನ ಅಸಮಾಧಾನ ನ್ಯಾಯವಾದುದೇ.

ಆ ಪ್ರಶ್ನೆ ಮರಳಿ ಬರುವುದು ಕಾಗುಯಳ ಸೋಲಿನ ನಂತರ, ಜಲಪಾತದ ಕಣಿವೆಯಲ್ಲಿ. ಅಲ್ಲಿ ಸಾಸುಕೆಯೂ ನರುಟೊವೂ ಹೊಡೆದಾಡಿ, ತಲಾ ಒಂದು ತೋಳನ್ನು ಕಳೆದುಕೊಂಡು, ಅಕ್ಕಪಕ್ಕದಲ್ಲಿ ಬಿದ್ದಿರುತ್ತಾರೆ. ಆ ಕಾಳಗ ಬಂದೇ ಬರುವುದೆಂದು ವಾಚಕರಿಗೆಲ್ಲ ಎಷ್ಟೋ ವರ್ಷಗಳ ಹಿಂದೆಯೇ ಗೊತ್ತಿತ್ತು.