ಸ್ಕ್ರ್ಯಾಚ್ ಕೈಗೆ ಸಿಕ್ಕಿದ ದಾರಿ

ಸ್ಕ್ರ್ಯಾಚ್ ಮಕ್ಕಳಿಗಾಗಿಯೇ ರೂಪಿಸಿದ ಪ್ರೋಗ್ರಾಮಿಂಗ್ ಭಾಷೆ. ಇದರಲ್ಲಿ ಸಾಲುಗಟ್ಟಲೆ ಕೋಡ್ ಟೈಪ್ ಮಾಡಬೇಕಿಲ್ಲ. ಬಣ್ಣಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿದರೆ ಪರದೆಯ ಮೇಲಿನ ಬೆಕ್ಕು ನಡೆಯುತ್ತದೆ, ಕುಣಿಯುತ್ತದೆ, ಮಾತಾಡುತ್ತದೆ. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಿನಲ್ಲಿ ಮಿಚೆಲ್ ರೆಸ್ನಿಕ್ ಅವರ ‘ಲೈಫ್‌ಲಾಂಗ್ ಕಿಂಡರ್‌ಗಾರ್ಟನ್’ ತಂಡ ಇದನ್ನು ಕಟ್ಟಿ, 2007ರ ಮೇ ತಿಂಗಳಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. ಈ ಭಾಷೆಯ ಬಗ್ಗೆ, ಅದರ ಹಿಂದಿರುವ ಸೀಮೋರ್ ಪ್ಯಾಪರ್ಟ್ ಅವರ ಕಲಿಕೆಯ ಚಿಂತನೆಯ ಬಗ್ಗೆ ಬೇಕಾದಷ್ಟು ಬರಹಗಳು ಬಂದಿವೆ. ಅದನ್ನು ಇಳಿಸಿಕೊಳ್ಳುವ ಪುಟದ ಬಗ್ಗೆ ಬಂದದ್ದು ಕಡಿಮೆ. ಆದರೆ ಒಂದು ಶಾಲೆಯ ಮಕ್ಕಳಿಗೆ ಸ್ಕ್ರ್ಯಾಚ್ ಸಿಗುತ್ತದೋ ಇಲ್ಲವೋ ಎಂಬುದು ಎಷ್ಟೋ ಕಡೆ ತೀರ್ಮಾನವಾದದ್ದು ಆ ಪುಟದಲ್ಲೇ. ಹತ್ತು ಹನ್ನೆರಡು ವರ್ಷಗಳಲ್ಲಿ ಆ ಪುಟ ಮೂರು ರೂಪ ತಾಳಿತು.

ಮೊದಲ ಸ್ಕ್ರ್ಯಾಚ್ ಹಳೆಯ ಕಾಲದ ತಂತ್ರಾಂಶಗಳಂತೆಯೇ ಇತ್ತು. ಸ್ಮಾಲ್‌ಟಾಕ್ ಭಾಷೆಯ ಸ್ಕ್ವೀಕ್ ಎಂಬ ರೂಪದಲ್ಲಿ ಬರೆದಿದ್ದ ಅದನ್ನು ವಿಂಡೋಸ್‌ಗೆ, ಮ್ಯಾಕ್‌ಗೆ ಬೇರೆ ಬೇರೆ ಕಡತಗಳಾಗಿ ಜಾಲತಾಣದಲ್ಲಿ ಇಟ್ಟಿದ್ದರು. ಬೇಕಾದವರು ತಮ್ಮ ಕಂಪ್ಯೂಟರಿಗೆ ತಕ್ಕ ಕಡತ ಯಾವುದೆಂದು ತಾವೇ ನೋಡಿ ಆರಿಸಿಕೊಳ್ಳಬೇಕಿತ್ತು. 2009ರಲ್ಲಿ ಬಂದ 1.4 ಆವೃತ್ತಿಯವರೆಗೂ ಇದೇ ಕ್ರಮ. ಸ್ಕ್ರ್ಯಾಚ್‌ನಲ್ಲಿ ಏನನ್ನಾದರೂ ಮಾಡಬೇಕೆಂದರೆ ಡೌನ್‌ಲೋಡ್ ಬಿಟ್ಟು ಬೇರೆ ದಾರಿಯೇ ಇರಲಿಲ್ಲ.

ಆದರೆ ಸ್ಕ್ರ್ಯಾಚ್‌ಗೆ ಆಗಲೇ ಒಂದು ಜಾಲತಾಣವೂ ಇತ್ತು. ಆಂಡ್ರೆಸ್ ಮನ್ರಾಯ್ ಹರ್ನಾಂಡೆಜ್ ಎಂಐಟಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ ರೂಪಿಸಿದ ತಾಣ ಅದು. ಮಕ್ಕಳು ತಾವು ಮಾಡಿದ ಆಟ, ಕಥೆ, ಅನಿಮೇಷನ್‌ಗಳನ್ನು ಅಲ್ಲಿಗೆ ಏರಿಸುತ್ತಿದ್ದರು. ಉಳಿದವರು ಅವನ್ನು ಬ್ರೌಸರಿನಲ್ಲೇ ನೋಡಬಹುದಿತ್ತು. ಇಷ್ಟವಾದದ್ದನ್ನು ಬಿಚ್ಚಿ ನೋಡಿ ತಮಗೆ ಬೇಕಾದಂತೆ ತಿದ್ದಬೇಕೆಂದರೆ ಮಾತ್ರ ತಂತ್ರಾಂಶ ಇಳಿಸಿ, ಇನ್‌ಸ್ಟಾಲ್ ಮಾಡಿ, ಆ ಕಡತವನ್ನೂ ಇಳಿಸಿ, ಒಳಗೆ ತೆರೆಯಬೇಕು. ನೋಡುವ ಆಸೆಗೂ ಮಾಡುವ ಕೆಲಸಕ್ಕೂ ನಡುವೆ ಇಷ್ಟು ದೂರ. ಮಗುವಿನ ಕುತೂಹಲ ಅಷ್ಟು ಹೊತ್ತು ಕಾಯುವುದು ಕಷ್ಟ. ಕಲಿಸುವ ತಂತ್ರಾಂಶವೊಂದು ತನ್ನ ಬಳಕೆದಾರರನ್ನು ಕಳೆದುಕೊಳ್ಳುವುದು ಹೆಚ್ಚಾಗಿ ಇಂಥ ಜಾಗದಲ್ಲೇ.

2013ರ ಮೇ 9ರಂದು ಬಂದ ಸ್ಕ್ರ್ಯಾಚ್ 2.0 ಈ ದೂರವನ್ನು ಒಂದೇ ಏಟಿಗೆ ಕಡಿಮೆ ಮಾಡಿತು. ಅಡೋಬಿಯ ಫ್ಲ್ಯಾಶ್ ತಂತ್ರಜ್ಞಾನದ ಮೇಲೆ ಹೊಸದಾಗಿ ಬರೆದ ಈ ಆವೃತ್ತಿ ಬ್ರೌಸರಿನಲ್ಲೇ ನಡೆಯುತ್ತಿತ್ತು. ಯಾರದೋ ಆಟದ ಪುಟದಲ್ಲಿ ‘ಒಳಗೆ ನೋಡು’ ಎಂಬರ್ಥದ ಗುಂಡಿ ಒತ್ತಿದರೆ ಸಾಕು, ಅದರ ಕೋಡ್ ತುಂಡುಗಳೆಲ್ಲ ಕಣ್ಣ ಮುಂದೆ ಬರುತ್ತಿದ್ದವು. ಅಲ್ಲೇ ತಿದ್ದಬಹುದು, ಅಲ್ಲೇ ಉಳಿಸಬಹುದು. ಸ್ಕ್ರ್ಯಾಚ್‌ಗೆ ಹೊಸಬರನ್ನು ಕರೆತರುವ ಕೆಲಸ ಡೌನ್‌ಲೋಡ್ ಪುಟದಿಂದ ಈ ಗುಂಡಿಗೆ ವರ್ಗವಾಯಿತು. ಡೌನ್‌ಲೋಡ್ ಕೊಂಡಿ ತಾಣದ ಅಡಿಭಾಗಕ್ಕೆ ಇಳಿದು, ಸಹಾಯ ಪುಟಗಳ ಸಾಲಿನಲ್ಲಿ ‘ಆಫ್‌ಲೈನ್ ಎಡಿಟರ್’ ಎಂಬ ಹೆಸರಿನಲ್ಲಿ ಕುಳಿತಿತು.

ಇಂಟರ್ನೆಟ್ ಚೆನ್ನಾಗಿದ್ದವರಿಗೆ ಇದು ದೊಡ್ಡ ಉಪಕಾರ. ಇಲ್ಲದವರಿಗೆ ಮಾತ್ರ ದಾರಿ ಮೊದಲಿಗಿಂತ ಕಠಿಣವಾಯಿತು. ಆಫ್‌ಲೈನ್ ಎಡಿಟರ್ ತಾನೊಂದೇ ನಡೆಯುವಂಥದ್ದಲ್ಲ. ಅದಕ್ಕೆ ಅಡೋಬಿಯದೇ ‘ಏರ್’ ಎಂಬ ಇನ್ನೊಂದು ತಂತ್ರಾಂಶದ ಆಸರೆ ಬೇಕು. ಹಾಗಾಗಿ ಆಗಿನ ಡೌನ್‌ಲೋಡ್ ಪುಟ ಮೂರು ಭಾಗಗಳಲ್ಲಿತ್ತು. ಮೊದಲನೆಯದರಲ್ಲಿ ಏರ್, ಎರಡನೆಯದರಲ್ಲಿ ಎಡಿಟರ್, ಮೂರನೆಯದರಲ್ಲಿ ಆರಂಭಿಕರಿಗೆ ಬೇಕಾದ ಮಾದರಿ ಪ್ರಾಜೆಕ್ಟ್, ಕೈಪಿಡಿ ಮತ್ತು ಸ್ಕ್ರ್ಯಾಚ್ ಕಾರ್ಡುಗಳು. ಪುಟ ನೋಡುವುದಕ್ಕೆ ಸ್ವಚ್ಛವಾಗಿತ್ತು, ಸೂಚನೆಗಳೂ ಸ್ಪಷ್ಟವಾಗಿದ್ದವು. ತೊಂದರೆಯಿದ್ದದ್ದು ಅದರ ಅಡಿಯಲ್ಲಿ. ಏರ್ ಏನೆಂದು ತಿಳಿಯದ ಶಿಕ್ಷಕರೊಬ್ಬರು ನೇರವಾಗಿ ಎರಡನೆಯ ಭಾಗದ ಕಡತವನ್ನಷ್ಟೇ ಇಳಿಸಿ, ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಶಾಲೆಗೆ ಒಯ್ದರೆ ಅದು ಅಲ್ಲಿ ಪ್ರಯೋಜನಕ್ಕೆ ಬರುತ್ತಿರಲಿಲ್ಲ. ಶಾಲೆಯಲ್ಲಿ ಇಂಟರ್ನೆಟ್ ಇಲ್ಲ. ಏರ್ ತರಲು ಮತ್ತೆ ಪೇಟೆಗೆ ಬರಬೇಕು.

ಲಿನಕ್ಸ್ ಬಳಸುವ ಶಾಲೆಗಳ ಪಾಡು ಇನ್ನೂ ಕಷ್ಟ. ಲಿನಕ್ಸ್‌ಗೆ ಏರ್ ಹೊರತರುವುದನ್ನು ಅಡೋಬಿ 2011ರಲ್ಲೇ 2.6ನೇ ಆವೃತ್ತಿಗೆ ನಿಲ್ಲಿಸಿತ್ತು. ಸ್ಕ್ರ್ಯಾಚ್ 2.0 ಬರುವಷ್ಟರಲ್ಲಿ ಅದು ಕೈಬಿಟ್ಟು ಎರಡು ವರ್ಷವಾದ ಸರಕು. ಅದನ್ನೇ ಹುಡುಕಿ ತಂದು, 64 ಬಿಟ್ ಯಂತ್ರಗಳಲ್ಲಿ 32 ಬಿಟ್‌ನ ಹೆಚ್ಚುವರಿ ಕಡತಗಳನ್ನೂ ಸೇರಿಸಿ ಹೇಗೋ ನಡೆಸಬೇಕಿತ್ತು. ಪುಟದ ಬಣ್ಣ, ಅಕ್ಷರ, ಗುಂಡಿಯ ಗಾತ್ರ ಯಾವುದನ್ನು ಬದಲಾಯಿಸಿದರೂ ಈ ತೊಡಕು ಬಿಡುತ್ತಿರಲಿಲ್ಲ. ಬದಲಾಗಬೇಕಾದದ್ದು ತಂತ್ರಾಂಶದ ಬುಡ.

ಆ ಬದಲಾವಣೆಗೆ ಹೊರಗಿನ ಒತ್ತಡವೂ ಕೂಡಿ ಬಂತು. 2020ರ ಕೊನೆಗೆ ಫ್ಲ್ಯಾಶ್ ನಿಲ್ಲಿಸುವುದಾಗಿ ಅಡೋಬಿ 2017ರ ಜುಲೈನಲ್ಲಿ ಘೋಷಿಸಿತು. ಸ್ಕ್ರ್ಯಾಚ್ ತಂಡ ಅದಕ್ಕೂ ಮೊದಲೇ, 2016ರಿಂದ, ಗೂಗಲ್‌ನ ಬ್ಲಾಕ್ಲಿ ತಂಡದ ಜೊತೆ ಸೇರಿ ಜಾವಾಸ್ಕ್ರಿಪ್ಟ್‌ನಲ್ಲಿ ಹೊಸ ಕೋಡ್ ತುಂಡುಗಳನ್ನು ಕಟ್ಟತೊಡಗಿತ್ತು. 2019ರ ಜನವರಿ 2ರಂದು ಸ್ಕ್ರ್ಯಾಚ್ 3.0 ಬಿಡುಗಡೆಯಾಯಿತು. ಅದರ ಜೊತೆಗೆ ಬಂದದ್ದು ‘ಸ್ಕ್ರ್ಯಾಚ್ ಡೆಸ್ಕ್‌ಟಾಪ್’. ಮುಂದೆ ಅದರ ಹೆಸರು ‘ಸ್ಕ್ರ್ಯಾಚ್ ಆ್ಯಪ್’ ಎಂದಾಯಿತು. ಇದನ್ನು ಎಲೆಕ್ಟ್ರಾನ್ ಎಂಬ ಚೌಕಟ್ಟಿನ ಮೇಲೆ ಕಟ್ಟಲಾಗಿದೆ. ಎಲೆಕ್ಟ್ರಾನ್ ಆ್ಯಪ್ ತನಗೆ ಬೇಕಾದ ಬ್ರೌಸರನ್ನು ತನ್ನೊಳಗೇ ಹೊತ್ತು ತರುತ್ತದೆ. ಬುತ್ತಿ ಕಟ್ಟಿಕೊಂಡು ಹೊರಟವರಂತೆ ದಾರಿಯಲ್ಲಿ ಯಾರನ್ನೂ ಏನನ್ನೂ ಕೇಳುವುದಿಲ್ಲ. ಇದರಿಂದ ಕಡತದ ಗಾತ್ರ ಬಹಳ ಹೆಚ್ಚಿತು. ನಿಧಾನ ಸಂಪರ್ಕವಿರುವ ಊರಿನಲ್ಲಿ ಅದನ್ನು ಇಳಿಸಲು ತಾಳ್ಮೆ ಬೇಕು. ಆದರೂ ಇಳಿಸುವುದು ಒಂದೇ ಕಡತ, ಒಂದೇ ಸಲ. ಈ ಲೆಕ್ಕಾಚಾರದಲ್ಲಿ ಸ್ಕ್ರ್ಯಾಚ್ ತಂಡ ಮಾಡಿದ ಆಯ್ಕೆ ಸರಿಯಾದದ್ದೇ. ದೊಡ್ಡ ಕಡತವನ್ನು ಒಂದು ರಾತ್ರಿ ಬಿಟ್ಟಾದರೂ ಇಳಿಸಬಹುದು. ಎರಡು ಕಡತಗಳಲ್ಲಿ ಒಂದು ತಪ್ಪಿದರೆ ಮಾತ್ರ ಮರುದಿನದ ತರಗತಿಯೇ ನಿಲ್ಲುತ್ತದೆ.

ಹೊಸ ಡೌನ್‌ಲೋಡ್ ಪುಟ ಈ ಅಡಿಪಾಯದ ಮೇಲೆ ಎದ್ದದ್ದು. ಮೇಲ್ಭಾಗದಲ್ಲಿ ಇಂಟರ್ನೆಟ್ ಇಲ್ಲದೆಯೂ ಪ್ರಾಜೆಕ್ಟ್ ಮಾಡಬೇಕೆನ್ನುವವರನ್ನು ಕರೆಯುವ ಒಂದು ಸಾಲು. ಯಾರಿಗಾಗಿ ಈ ಆ್ಯಪ್ ಎಂಬುದು ಅಷ್ಟರಲ್ಲೇ ಗೊತ್ತಾಗುತ್ತದೆ. ಪಕ್ಕದಲ್ಲಿ ಯಾವ ಯಾವ ಯಂತ್ರಗಳಲ್ಲಿ ನಡೆಯುತ್ತದೆ ಎಂಬುದರ ಚಿಕ್ಕ ಪಟ್ಟಿ: ವಿಂಡೋಸ್ 10 ಅಥವಾ ಅದಕ್ಕಿಂತ ಹೊಸದು, ಮ್ಯಾಕ್ ಓಎಸ್ 10.13 ಅಥವಾ ಹೊಸದು, ಕ್ರೋಮ್ ಓಎಸ್, ಆಂಡ್ರಾಯ್ಡ್ 6.0ರಿಂದ ಮುಂದಕ್ಕೆ. ಇಳಿಸಿ, ಇನ್‌ಸ್ಟಾಲ್ ಮಾಡಿ, ಆಮೇಲೆ ನಡೆಯುವುದಿಲ್ಲ ಎಂದು ತಿಳಿಯುವುದಕ್ಕಿಂತ ಮೊದಲೇ ತಿಳಿಯುವುದು ಲೇಸು. ಎಷ್ಟೋ ಕಲಿಕಾ ಆ್ಯಪ್‌ಗಳು ಈ ಮಾಹಿತಿಯನ್ನು ಪುಟದ ತಳದಲ್ಲೆಲ್ಲೋ ಸಣ್ಣಕ್ಷರದಲ್ಲಿ ಹಾಕುತ್ತವೆ.

ಅದರ ಕೆಳಗೆ ಕಂಪ್ಯೂಟರಿನ ಬಗೆ ಆರಿಸುವ ಗುಂಡಿಗಳ ಸಾಲು. ಪುಟ ತೆರೆದವರ ಬ್ರೌಸರು ಕಳಿಸುವ ಗುರುತಿನಿಂದ ಅವರದು ವಿಂಡೋಸ್ ಯಂತ್ರವೋ ಮ್ಯಾಕ್ ಯಂತ್ರವೋ ಎಂದು ಪುಟವೇ ಊಹಿಸಿ, ಆ ಗುಂಡಿಯನ್ನು ಮೊದಲೇ ಒತ್ತಿಟ್ಟಿರುತ್ತದೆ. ಹಾಗೆಂದು ಉಳಿದ ಗುಂಡಿಗಳನ್ನು ಮುಚ್ಚಿಡುವುದಿಲ್ಲ. ಇದು ಚಿಕ್ಕ ಸಂಗತಿಯಂತೆ ಕಂಡರೂ ಬಹಳ ಮುಖ್ಯ. ಮನೆಯಲ್ಲಿ ಮ್ಯಾಕ್ ಇರುವ ಶಿಕ್ಷಕಿ ವಿಂಡೋಸ್ ಇರುವ ಶಾಲೆಗಾಗಿ ಇಳಿಸುತ್ತಿರಬಹುದು. ಶಾಲಾ ತಂತ್ರಾಂಶದ ಡೌನ್‌ಲೋಡ್ ಪುಟ ತೆರೆಯುವವರು ಹೆಚ್ಚಾಗಿ ದೊಡ್ಡವರು, ಬಳಸುವವರು ಮಕ್ಕಳು. ಇಳಿಸುವ ಯಂತ್ರ ಒಂದು, ಓಡಿಸುವ ಯಂತ್ರ ಇನ್ನೊಂದು.

ಗುಂಡಿ ಆರಿಸಿದ ಮೇಲೆ ಸಂಖ್ಯೆ ಹಾಕಿದ ಎರಡು ಹಂತಗಳು ಕಾಣುತ್ತವೆ. ವಿಂಡೋಸ್ ಆದರೆ ಮೊದಲ ಹಂತ ಆ್ಯಪ್ ಪಡೆಯುವುದು, ಎರಡನೆಯದು ಆ ಕಡತವನ್ನು ಓಡಿಸುವುದು. ಮ್ಯಾಕ್ ಆದರೆ ಎರಡನೆಯ ಹಂತದಲ್ಲಿ ಕಡತ ತೆರೆದು, ಸ್ಕ್ರ್ಯಾಚ್ ಚಿತ್ರವನ್ನು ಅಪ್ಲಿಕೇಷನ್ಸ್ ಫೋಲ್ಡರಿಗೆ ಎಳೆದು ಬಿಡುವುದು. ಅಷ್ಟೇ. ‘ಸುಲಭವಾಗಿ ಇನ್‌ಸ್ಟಾಲ್ ಮಾಡಬಹುದು’ ಎಂಬ ಭರವಸೆಯ ಮಾತಿನ ಬದಲು ಮಾಡಬೇಕಾದದ್ದನ್ನೇ ತೋರಿಸಿದ್ದಾರೆ.

ಮೊದಲ ಹಂತದಲ್ಲಿ ಎರಡು ದಾರಿಗಳಿವೆ. ಒಂದು ಮೈಕ್ರೋಸಾಫ್ಟ್ ಸ್ಟೋರ್ ಅಥವಾ ಮ್ಯಾಕ್ ಆ್ಯಪ್ ಸ್ಟೋರ್, ಇನ್ನೊಂದು ನೇರ ಡೌನ್‌ಲೋಡ್. ಇಡೀ ಪುಟದಲ್ಲಿ ಹಳ್ಳಿಯ ಶಾಲೆಗಳಿಗೆ ಅತಿ ಹೆಚ್ಚು ನೆರವಾಗುವ ಭಾಗ ಈ ನೇರ ಡೌನ್‌ಲೋಡ್ ಕೊಂಡಿಯೇ. ಸ್ಟೋರ್ ಮೂಲಕ ಪಡೆದರೆ ಮುಂದಿನ ಆವೃತ್ತಿಗಳು ತಾವಾಗಿ ಬರುತ್ತವೆ, ಸುರಕ್ಷತೆಯೂ ಇದೆ. ಮನೆಯಲ್ಲಿ ಬಳಸುವವರಿಗೆ ಅದೇ ಸೂಕ್ತ. ಆದರೆ ಸ್ಟೋರ್ ಬಳಸಲು ಪ್ರತಿ ಯಂತ್ರದಲ್ಲೂ ಇಂಟರ್ನೆಟ್ ಬೇಕು. ನೇರವಾಗಿ ಇಳಿಸಿದ ಕಡತ ಹಾಗಲ್ಲ. ಅದು ಪೂರ್ತಿ ಕಡತ. ಓಡಿಸಿದ ಮೇಲೆ ಉಳಿದದ್ದನ್ನು ಜಾಲದಿಂದ ಎಳೆದು ತರುವ ಬಗೆಯದಲ್ಲ. ಒಮ್ಮೆ ಪೆನ್‌ಡ್ರೈವಿಗೆ ಹಾಕಿಕೊಂಡರೆ ಲ್ಯಾಬಿನ ಇಪ್ಪತ್ತು ಕಂಪ್ಯೂಟರಿಗೂ ಅದೇ ಸಾಕು. ಓಡಿಸಿದಾಗ ಎಲ್ಲ ಬಳಕೆದಾರರಿಗೂ ಹಾಕಬೇಕೋ ತನಗೊಬ್ಬರಿಗೇ ಸಾಕೋ ಎಂದು ಅದು ಕೇಳುತ್ತದೆ. ಕಂಪ್ಯೂಟರಿನ ಅಡ್ಮಿನ್ ಪಾಸ್‌ವರ್ಡ್ ಯಾರ ಬಳಿಯಿದೆ ಎಂದೇ ಗೊತ್ತಿಲ್ಲದ ಶಾಲೆಗಳಲ್ಲಿ ಎರಡನೆಯ ಆಯ್ಕೆಯೇ ದಾರಿ.

ಪುಟದ ಕೆಳಭಾಗದಲ್ಲಿ ಪ್ರಶ್ನೋತ್ತರಗಳಿವೆ. ಸ್ಕ್ರ್ಯಾಚ್ ಬಳಸಲು ಆ್ಯಪ್ ಇಳಿಸಲೇಬೇಕೇ ಎಂಬ ಪ್ರಶ್ನೆಗೆ ‘ಬೇಕಿಲ್ಲ, ಬ್ರೌಸರಿನಲ್ಲೇ ಆಗುತ್ತದೆ’ ಎಂಬ ಉತ್ತರ. ಆ್ಯಪ್ ಇಳಿಸಿಕೊಳ್ಳುವ ಪುಟವೇ ಇಷ್ಟು ಪ್ರಾಮಾಣಿಕವಾಗಿ ಹೇಳುವುದು ಅಪರೂಪ. ಎಣಿಕೆ ಹೆಚ್ಚಿಸುವುದೊಂದೇ ಗುರಿಯಾಗಿದ್ದರೆ ಆ ಸಾಲು ಅಲ್ಲಿರುತ್ತಿರಲಿಲ್ಲ. ಹಳೆಯ 2.0 ಮತ್ತು 1.4 ಆವೃತ್ತಿಗಳನ್ನೂ ತೆಗೆದು ಹಾಕದೆ, ಅವುಗಳ ಕೊಂಡಿಗಳನ್ನು ಉಳಿಸಿಕೊಂಡರು. ವಿಂಡೋಸ್ 7 ಇರುವ ಯಂತ್ರಗಳಿಗೆ ಹೊಸ ಆ್ಯಪ್ ಅಧಿಕೃತವಾಗಿ ಸಲ್ಲುವುದಿಲ್ಲ. ಅಂಥ ಲ್ಯಾಬುಗಳಿಗೆ ಈ ಕೊಂಡಿಗಳೇ ಗತಿ. ಹಳೆಯದರಲ್ಲಿ ಮಾಡಿದ ಪ್ರಾಜೆಕ್ಟುಗಳು ಹೊಸದರಲ್ಲಿ ತೆರೆಯುತ್ತವೆ. ಹೊಸದರಲ್ಲಿ ಮಾಡಿದ್ದು ಹಳೆಯದರಲ್ಲಿ ತೆರೆಯುವುದಿಲ್ಲ.

ಈ ವಿನ್ಯಾಸ ಒಂದು ಪುಟಕ್ಕೆ ನಿಲ್ಲಲಿಲ್ಲ. ಮೈಕ್ರೋಬಿಟ್, ಲೆಗೊ ಕಿಟ್‌ಗಳಂಥ ಉಪಕರಣಗಳನ್ನು ಸ್ಕ್ರ್ಯಾಚ್‌ಗೆ ಜೋಡಿಸಲು ‘ಸ್ಕ್ರ್ಯಾಚ್ ಲಿಂಕ್’ ಎಂಬ ಚಿಕ್ಕ ತಂತ್ರಾಂಶ ಬೇಕು. ಅದರ ಪುಟಗಳಲ್ಲೂ ಅದೇ ಗುಂಡಿಗಳ ಸಾಲು, ಅದೇ ಸಂಖ್ಯೆ ಹಾಕಿದ ಹಂತಗಳು. ಜಾಲತಾಣದ ಕೋಡ್ ಎಲ್ಲರಿಗೂ ತೆರೆದಿರುವುದರಿಂದ ಒಂದೇ ಭಾಗವನ್ನು ಹಲವು ಪುಟಗಳಲ್ಲಿ ಹೇಗೆ ಮರುಬಳಕೆ ಮಾಡಿದ್ದಾರೆ ಎಂಬುದನ್ನು ಯಾರು ಬೇಕಾದರೂ ನೋಡಿ ಕಲಿಯಬಹುದು.

ದೊಡ್ಡ ಕೊರತೆಯೊಂದು ಹಾಗೆಯೇ ಉಳಿಯಿತು: ಗುಂಡಿಗಳ ಸಾಲಿನಲ್ಲಿ ಲಿನಕ್ಸ್ ಇಲ್ಲ. ರಾಸ್ಪ್‌ಬೆರಿ ಪೈ ಎಂಬ ಅಗ್ಗದ ಕಿರುಗಣಕಕ್ಕೆ 2019ರಲ್ಲಿ ಪ್ರತ್ಯೇಕವಾಗಿ ಸ್ಕ್ರ್ಯಾಚ್ 3 ಬಂತು. ಸಾಮಾನ್ಯ ಲಿನಕ್ಸ್ ಕಂಪ್ಯೂಟರಿನವರು ಬ್ರೌಸರನ್ನೋ ಆಸಕ್ತರು ಸ್ವಂತವಾಗಿ ಕಟ್ಟಿಕೊಟ್ಟ ರೂಪಗಳನ್ನೋ ಆಶ್ರಯಿಸಬೇಕಾಯಿತು. ಭಾರತಕ್ಕೆ ಇದು ದೂರದ ವಿಷಯವಲ್ಲ. ಕೇರಳದ ಸರ್ಕಾರಿ ಶಾಲೆಗಳ ಲ್ಯಾಬುಗಳು ನಡೆಯುವುದು ಗ್ನೂ/ಲಿನಕ್ಸ್ ಮೇಲೆ. ಅಲ್ಲಿನ ‘ಕೈಟ್’ ಸಂಸ್ಥೆ ಶಾಲೆಗಳಿಗೆಂದೇ ಸಿದ್ಧಪಡಿಸುವ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಸ್ಕ್ರ್ಯಾಚ್ ಸೇರಿದಂತೆ ಹಲವು ಕಲಿಕಾ ತಂತ್ರಾಂಶಗಳನ್ನು ಮೊದಲೇ ತುಂಬಿಕೊಡುತ್ತದೆ. ಅದರ ‘ಲಿಟಲ್ ಕೈಟ್ಸ್’ ಕ್ಲಬ್ಬುಗಳ ಶಿಬಿರಗಳಲ್ಲಿ ಮಕ್ಕಳು ಸ್ಕ್ರ್ಯಾಚ್‌ನಲ್ಲಿ ಆಟ ಕಟ್ಟುತ್ತಾರೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಇದೇ ವ್ಯವಸ್ಥೆಯೊಳಗಿವೆ. ಐಟಿ ಪಠ್ಯಪುಸ್ತಕ ಅಲ್ಲಿ ಕನ್ನಡದಲ್ಲೂ ಇದೆ. ಆ ಮಕ್ಕಳಿಗೆ ಡೌನ್‌ಲೋಡ್ ಪುಟದ ಪರಿಚಯವೇ ಬೇಕಾಗುವುದಿಲ್ಲ.

ಕರ್ನಾಟಕದಲ್ಲೂ ಇದಕ್ಕೆ ಹತ್ತಿರದ ಪ್ರಯತ್ನ ನಡೆಯಿತು. ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಶಿಕ್ಷಣ ಇಲಾಖೆಯ ಡಿಎಸ್ಇಆರ್‌ಟಿಯೊಡನೆ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗಾಗಿ ನಡೆಸಿದ ವಿಷಯ ಶಿಕ್ಷಕರ ವೇದಿಕೆ ಕಾರ್ಯಕ್ರಮದಲ್ಲಿ, ಜಿಯೋಜೀಬ್ರಾದಂಥ ಕಲಿಕಾ ತಂತ್ರಾಂಶಗಳನ್ನು ಉಬುಂಟು ಆಪರೇಟಿಂಗ್ ಸಿಸ್ಟಮ್‌ನೊಂದಿಗೆ ಒಟ್ಟಿಗೇ ಕಟ್ಟಿ ಕೊಟ್ಟಿತು. ಒಂದೊಂದನ್ನೂ ಬೇರೆ ಬೇರೆ ತಾಣದಿಂದ ಹುಡುಕಿ ಇಳಿಸುವ ಕೆಲಸ ಶಿಕ್ಷಕರಿಗೆ ತಪ್ಪಿತು. ಪಕ್ಕದಲ್ಲಿ ಕುಳಿತ ಸಹೋದ್ಯೋಗಿ ಹಾಕಿಕೊಡುವ ತಂತ್ರಾಂಶಕ್ಕೆ ಇರುವ ನಂಬಿಕೆ ಯಾವ ಪುಟದ ಗುಂಡಿಗೂ ಬಾರದು. ಸ್ಕ್ರ್ಯಾಚ್‌ನ ನೇರ ಡೌನ್‌ಲೋಡ್ ಕೊಂಡಿಗೆ ಬೆಲೆ ಬರುವುದೂ ಹೀಗೆ ಕೈಯಿಂದ ಕೈಗೆ ದಾಟಿಸುವವರು ಇದ್ದಾಗಲೇ.

ಆಂಡ್ರಾಯ್ಡ್ ಗುಂಡಿಯ ಹಿಂದೆ ಇನ್ನೊಂದು ಮಿತಿಯಿದೆ. ಗೂಗಲ್ ಪ್ಲೇ ಸ್ಟೋರಿನಲ್ಲಿರುವ ಸ್ಕ್ರ್ಯಾಚ್ ಆ್ಯಪ್ ಟ್ಯಾಬ್ಲೆಟ್‌ಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಕೋಡ್ ತುಂಡುಗಳ ಪಟ್ಟಿ, ಅವನ್ನು ಜೋಡಿಸುವ ಜಾಗ, ಬೆಕ್ಕು ಕುಣಿಯುವ ವೇದಿಕೆ ಮೂರೂ ಒಟ್ಟಿಗೆ ಕಾಣಬೇಕಾದರೆ ಫೋನಿನ ಪರದೆ ಸಾಲದು. ಐದರಿಂದ ಏಳು ವರ್ಷದ ಮಕ್ಕಳಿಗಾಗಿ 2014ರಲ್ಲಿ ಐಪ್ಯಾಡ್‌ಗೆ ಮೊದಲು ಬಂದ ಸ್ಕ್ರ್ಯಾಚ್ ಜೂನಿಯರ್ ಕೂಡ ದೊಡ್ಡ ಪರದೆಯ ಸಾಧನಗಳನ್ನೇ ನೆಚ್ಚಿದೆ. ಮನೆಯಲ್ಲಿ ಅಪ್ಪನದೋ ಅಮ್ಮನದೋ ಫೋನ್ ಒಂದೇ ಇರುವ ಮಗು ಬೇರೆಯವರು ಮಾಡಿದ ಸ್ಕ್ರ್ಯಾಚ್ ಆಟಗಳನ್ನು ಬ್ರೌಸರಿನಲ್ಲಿ ತೆರೆದು ಆಡಬಹುದು. ತಾನೇ ಒಂದನ್ನು ಕಟ್ಟಲು ಶಾಲೆಯ ಲ್ಯಾಬಿಗೇ ಬರಬೇಕು.